ಎಂಕ್ಯಾಟ್ ಅಂಕ ಕಡಿಮೆ ಬಂದಿತ್ತು, ರೆಸಿಡೆನ್ಸಿಗೆ ಅಡ್ಡ ಬಂತಾ? ನನ್ನ ಅನುಭವ

2023ರ ಸೆಪ್ಟೆಂಬರ್. ರಾತ್ರಿ ಊಟ ಮುಗಿಸಿ ಈರಾಸ್ ಅರ್ಜಿ ತೆರೆದು ಕೂತಿದ್ದೆ. ಅಮೆರಿಕದಲ್ಲಿ ರೆಸಿಡೆನ್ಸಿಗೆ, ಅಂದರೆ ಮೆಡಿಕಲ್ ಓದು ಮುಗಿದ ಮೇಲಿನ ತಜ್ಞ ತರಬೇತಿಗೆ, ಹೆಚ್ಚಿನವರು ಅರ್ಜಿ ಹಾಕುವುದು ಇದರ ಮೂಲಕವೇ. ಹೆಸರು, ಓದು, ಕೆಲಸ, ಸಂಶೋಧನೆ, ಗೊತ್ತಿರುವ ಭಾಷೆಗಳು, ಹೀಗೆ ಒಂದೊಂದೇ ಪುಟ ತುಂಬುತ್ತಾ ಹೋದೆ. ತುಂಬುವುದಕ್ಕಿಂತ ಜಾಸ್ತಿ ಹುಡುಕುತ್ತಿದ್ದೆ. ಮೆಡಿಕಲ್ ಸ್ಕೂಲಿಗೆ ಸೇರುವ ಮುಂಚೆ ಬರೆಯುವ ಪ್ರವೇಶ ಪರೀಕ್ಷೆ, ಆ ಎಂಕ್ಯಾಟ್ ಅಂಕ ಎಲ್ಲಿ ಕೇಳಿದ್ದಾರೆ ಅಂತ. ಕೊನೆಯ ಪುಟ ಬಂತು, ಕೇಳಿರಲಿಲ್ಲ. ಮತ್ತೆ ಮೊದಲಿಂದ ಒಂದು ಸಲ ನೋಡಿದೆ. ಅಂಥ ಕಾಲಮ್ಮೇ ಇಲ್ಲ.

ಮೆಡಿಕಲ್ ಸ್ಕೂಲಿನ ಮೂರು ವರ್ಷ ಆ ಅಂಕವನ್ನು ನಾನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಒಂದು ದಿನ ಇದು ಎದುರು ಬಂದು ನಿಲ್ಲುತ್ತದೆ, ಯಾರೋ ಒಬ್ಬರು ಇಂಟರ್‌ವ್ಯೂನಲ್ಲಿ ಕೇಳೇ ಕೇಳುತ್ತಾರೆ ಅಂತ ಹೆದರಿಕೊಂಡೇ ಇದ್ದೆ. ಆ ಹೆದರಿಕೆಯಲ್ಲಿ ಎಷ್ಟು ನಿದ್ದೆ ಕೆಟ್ಟಿದ್ದೇನೆ ಅನ್ನುವುದು ನೆನಪಾದರೆ ಈಗಲೂ ಬೇಜಾರಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಂಕ ಹೇಳಿಬಿಡ್ತೀನಿ. ಎಂಕ್ಯಾಟ್‌ನಲ್ಲಿ ನಾಲ್ಕು ಭಾಗ, ಒಂದೊಂದಕ್ಕೂ 118ರಿಂದ 132ರವರೆಗೆ ಅಂಕ, ಒಟ್ಟು 472ರಿಂದ 528. ನನಗೆ 2018ರಲ್ಲಿ ಬಂದಿದ್ದು 498. ಅದರಲ್ಲಿ ಕಾರ್ಸ್ ಅನ್ನುವ ಓದಿ ಅರ್ಥ ಮಾಡಿಕೊಳ್ಳುವ ಭಾಗದಲ್ಲಿ 122. ಮುಂದಿನ ವರ್ಷ ಮತ್ತೆ ಬರೆದೆ, 507 ಬಂತು, ಕಾರ್ಸ್ 125ಕ್ಕೆ ಏರಿತು. ಎಂಡಿ (ಇಲ್ಲಿ ಅದೇ ಮೊದಲ ಡಾಕ್ಟರ್ ಪದವಿ) ಸ್ಕೂಲುಗಳಿಗೆ ಸೇರುವವರ ಸರಾಸರಿ 511-512ರ ಆಸುಪಾಸು ಇರುತ್ತದೆ. ಅಂದರೆ ಎರಡನೇ ಸಲವೂ ನಾನು ಸರಾಸರಿಗಿಂತ ಕೆಳಗೇ ಇದ್ದೆ. 2020ರಲ್ಲಿ ಒಂದು ಚಿಕ್ಕ ಸ್ಕೂಲಿನಲ್ಲಿ ಸೀಟು ಸಿಕ್ಕಿತು. ಸೇರಿದ ಮೊದಲ ತಿಂಗಳಲ್ಲೇ ಅಕಾಡೆಮಿಕ್ ಸಪೋರ್ಟ್‌ನವರಿಂದ ಇಮೇಲ್ ಬಂತು. ಎಂಕ್ಯಾಟ್ ಅಂಕ ಕಡಿಮೆ ಇದ್ದ ಕೆಲವರನ್ನು ಆರಿಸಿ ವಾರಕ್ಕೊಂದು ಸಲ ಓದಿನ ಬಗ್ಗೆ ಮಾತಾಡಲು ಕರೆದಿದ್ದರು. ಆಗ ಅವಮಾನ ಅನ್ನಿಸಿತ್ತು, ಎರಡು ಸಲ ಹೋಗಿ ಬಿಟ್ಟುಬಿಟ್ಟೆ. ತಪ್ಪು ಮಾಡಿದೆ. ಅದು ಯಾಕೆ ಅಂತ ಮುಂದೆ ಹೇಳ್ತೀನಿ.

ಹಾಗಾದರೆ ರೆಸಿಡೆನ್ಸಿ ಪ್ರೋಗ್ರಾಂನವರು ಏನು ನೋಡುತ್ತಾರೆ? ಅವರ ಕೈಗೆ ಹೋಗುವುದು ಯುಎಸ್‌ಎಂಎಲ್‌ಇ, ಅಂದರೆ ಸ್ಟೆಪ್ 1, ಸ್ಟೆಪ್ 2 ಅಂತ ಹಂತಗಳಿರುವ ಡಾಕ್ಟರ್ ಲೈಸೆನ್ಸ್ ಪರೀಕ್ಷೆಯ ಟ್ರಾನ್ಸ್‌ಕ್ರಿಪ್ಟ್ (ನಮ್ಮಲ್ಲಿ ಡಿಓ ಅನ್ನುವ ಇನ್ನೊಂದು ಡಾಕ್ಟರ್ ಪದವಿ ಓದಿದವರಿಗೆ ಕಾಮ್‌ಲೆಕ್ಸ್ ಪರೀಕ್ಷೆ), ಮೆಡಿಕಲ್ ಸ್ಕೂಲಿನ ಗ್ರೇಡುಗಳು, ಡೀನ್ಸ್ ಲೆಟರ್ ಅಂತ ಎಲ್ಲರೂ ಕರೆಯುವ ಎಂಎಸ್‌ಪಿಇ (ನಮ್ಮ ಬಗ್ಗೆ ಸ್ಕೂಲು ಬರೆಯುವ ವರದಿ), ಶಿಫಾರಸು ಪತ್ರಗಳು, ಪರ್ಸನಲ್ ಸ್ಟೇಟ್‌ಮೆಂಟ್, ನಾವು ಬರೆದುಕೊಂಡ ಅನುಭವಗಳು. ಅನುಭವಗಳಿಗೂ ಮಿತಿ ಇದೆ, ಹತ್ತಕ್ಕಿಂತ ಜಾಸ್ತಿ ಹಾಕುವ ಹಾಗಿಲ್ಲ. ನೂರಾರು, ಸಾವಿರಾರು ಅರ್ಜಿ ಬರುವ ಕಡೆ ಮೊದಲು ಕಂಪ್ಯೂಟರಿನಲ್ಲಿ ಜರಡಿ ಹಿಡಿಯುತ್ತಾರೆ. ಆ ಜರಡಿಯಲ್ಲಿ ಸ್ಟೆಪ್ 2 ಅಂಕ ಇರುತ್ತದೆ, ಯಾವುದಾದರೂ ಸ್ಟೆಪ್ ಫೇಲಾಗಿದೆಯಾ ಅನ್ನುವುದು ಇರುತ್ತದೆ, ಪದವಿ ಮುಗಿಸಿ ಎಷ್ಟು ವರ್ಷ ಆಯಿತು ಅನ್ನುವುದಿರುತ್ತದೆ. ಎಂಕ್ಯಾಟ್ ಅಲ್ಲಿಗೆ ಬರುವುದೇ ಇಲ್ಲ. ಅದು ಮೆಡಿಕಲ್ ಸ್ಕೂಲಿನ ಬಾಗಿಲು ತೆಗೆಸುವ ಕೀಲಿ ಅಷ್ಟೇ. ಒಳಗೆ ಬಂದ ಮೇಲೆ ಅದರ ಕೆಲಸ ಮುಗಿಯಿತು.

ನನ್ನ ಕ್ಲಾಸಿನಲ್ಲಿ 520ರ ಮೇಲೆ ಅಂಕ ಬಂದಿದ್ದ ಒಬ್ಬ ಹುಡುಗ ಅದನ್ನು ಪ್ರಶಸ್ತಿಗಳ ಪಟ್ಟಿಯಲ್ಲಿ ಹಾಕಿಕೊಂಡಿದ್ದ. ನಮ್ಮಿಬ್ಬರಿಗೂ ಸಲಹೆಗಾರ್ತಿಯಾಗಿದ್ದ ಮೇಡಂ ಅದನ್ನು ತೆಗೆಸಿದರು. ನಾಲ್ಕು ವರ್ಷ ಓದಿದ ಮೇಲೂ ಓದುವುದಕ್ಕಿಂತ ಮುಂಚಿನದ್ದನ್ನೇ ತೋರಿಸಿದರೆ ಓದುವವರಿಗೆ ಅನುಮಾನ ಬರುತ್ತದೆ ಅಂದರು. ನನಗೆ ಅದು ಸರಿ ಅನ್ನಿಸಿತು. ಅಂಕ ಜಾಸ್ತಿ ಇದ್ದರೂ ಹಾಕಬೇಡಿ.

ಸುತ್ತು ಬಳಸಿಕೊಂಡು ಅದರ ಪರಿಣಾಮ ಇದ್ದೇ ಇದೆ, ಅದನ್ನು ಮುಚ್ಚಿಟ್ಟರೆ ಸುಳ್ಳು ಹೇಳಿದ ಹಾಗಾಗುತ್ತದೆ. ಎಂಕ್ಯಾಟ್ ಚೆನ್ನಾಗಿದ್ದರೆ ದೊಡ್ಡ ಹೆಸರಿನ ಸ್ಕೂಲು ಸಿಗಬಹುದು, ಸ್ಕಾಲರ್‌ಶಿಪ್ ಸಿಗಬಹುದು. ದೊಡ್ಡ ಸ್ಕೂಲಿನಲ್ಲಿ ಸಂಶೋಧನೆ ಮಾಡುವ ಪ್ರೊಫೆಸರುಗಳು ಜಾಸ್ತಿ, ಹೆಚ್ಚಿನ ವಿಭಾಗಗಳ ರೆಸಿಡೆನ್ಸಿಯೂ ಅಲ್ಲೇ ಇರುತ್ತದೆ. ನಮ್ಮ ಸ್ಕೂಲಿಗೆ ಡರ್ಮಟಾಲಜಿ ಪ್ರೋಗ್ರಾಂ ಇರಲಿಲ್ಲ. ಅದು ಬೇಕು ಅಂದುಕೊಂಡಿದ್ದ ಗೆಳತಿ ಬೇರೆ ಊರಿನ ಆಸ್ಪತ್ರೆಗಳಿಗೆ ಹೋಗಿ ತಿಂಗಳುಗಟ್ಟಲೆ ರೊಟೇಶನ್ (ಆಸ್ಪತ್ರೆಯಲ್ಲಿ ಕೆಲಸ ಮಾಡಿ ಕಲಿಯುವ ತರಬೇತಿ) ಮಾಡಿ, ಅಲ್ಲಿಯವರ ಪತ್ರ ತರಬೇಕಾಯಿತು. ತಂದಳು, ಸೀಟೂ ಸಿಕ್ಕಿತು. ಆದರೆ ಅವಳ ದಾರಿ ಉದ್ದ ಆಯಿತು. ಅದು ಎಂಕ್ಯಾಟ್ ಅಂಕ ಯಾರೋ ನೋಡಿದ್ದರಿಂದ ಆದದ್ದಲ್ಲ, ಆ ಅಂಕ ಅವಳನ್ನು ಎಲ್ಲಿ ತಂದು ಬಿಟ್ಟಿತ್ತೋ ಅದರಿಂದ ಆದದ್ದು. ಒಮ್ಮೆ ಸ್ಕೂಲು ಸೇರಿದ ಮೇಲೆ ಅದನ್ನು ಬದಲಾಯಿಸಲು ಆಗುವುದಿಲ್ಲ, ಹಾಗಾಗಿ ಅದರ ಚಿಂತೆ ಬಿಡಬಹುದು ಅಲ್ವಾ?

ಬಿಡಬಾರದ ಒಂದು ಸಂಗತಿ ಇದೆ. ಕಡಿಮೆ ಅಂಕ ಯಾಕೆ ಬಂತು ಅನ್ನುವುದು.

ಎಂಕ್ಯಾಟ್‌ನಲ್ಲಿ ಚೆನ್ನಾಗಿ ಮಾಡಿದವರು ಸ್ಟೆಪ್ ಪರೀಕ್ಷೆಗಳಲ್ಲೂ ಸಾಮಾನ್ಯವಾಗಿ ಚೆನ್ನಾಗಿ ಮಾಡುತ್ತಾರೆ. ಎಲ್ಲರೂ ಅಲ್ಲ, ಆದರೆ ಒಟ್ಟಾರೆ ಹಾಗೆ ಒಂದು ನಂಟು ಇದೆ. ನನ್ನ ಮಟ್ಟಿಗೆ ಆ ನಂಟು ಏನು ಅಂತ ಗೊತ್ತಾಗಿದ್ದು ಮೂರನೇ ವರ್ಷದ ಕೊನೆಗೆ. ಸ್ಟೆಪ್ 1 ಆಗಲೇ ಪಾಸ್-ಫೇಲ್ ಆಗಿತ್ತು, 2022ರ ಜನವರಿ 26ರಿಂದ ಅದಕ್ಕೆ ಅಂಕ ಕೊಡುವುದನ್ನು ನಿಲ್ಲಿಸಿದ್ದರು. ನಾನು ಅದನ್ನು ಪಾಸ್ ಮಾಡಿ ಉಸಿರು ಬಿಟ್ಟೆ. ಆದರೆ ಅದರಿಂದಾಗಿ ಪ್ರೋಗ್ರಾಂನವರ ಕಣ್ಣೆಲ್ಲ ಸ್ಟೆಪ್ 2 ಮೇಲೆ ಬಿತ್ತು. ಹೋಲಿಸಿ ನೋಡಲು ಅವರಿಗೆ ಉಳಿದಿರುವ ಒಂದೇ ದೊಡ್ಡ ಅಂಕ ಅದು. ಮೊದಲ ಅಭ್ಯಾಸ ಪರೀಕ್ಷೆಯಲ್ಲಿ ನನಗೆ 222 ಬಂತು. ಆಗ ಪಾಸಾಗಲು ಬೇಕಿದ್ದದ್ದೇ 214.

ಪ್ರತಿ ಬ್ಲಾಕಿನಲ್ಲೂ ಕೊನೆಯ ಐದಾರು ಪ್ರಶ್ನೆಗಳು ಓದದೆ ಉಳಿಯುತ್ತಿದ್ದವು. ಆಗ ಒಂದು ಬ್ಲಾಕಿಗೆ ಒಂದು ಗಂಟೆ, 40 ಪ್ರಶ್ನೆ, ಅಂದರೆ ಒಂದಕ್ಕೆ ಒಂದೂವರೆ ನಿಮಿಷ. ಅಂಥ ಎಂಟು ಬ್ಲಾಕು. ಅಭ್ಯಾಸ ಪರೀಕ್ಷೆಯ ಹಾಳೆ ನೋಡುತ್ತಾ ಕೂತಾಗ ತಟ್ಟನೆ ಕಾರ್ಸ್ ನೆನಪಾಯಿತು. ಅಲ್ಲೂ ಹೀಗೇ ಆಗಿತ್ತು. 90 ನಿಮಿಷ, 53 ಪ್ರಶ್ನೆ, ಕೊನೆಯ ಪ್ಯಾಸೇಜಿಗೆ ಬರುವಷ್ಟರಲ್ಲಿ ಟೈಮ್ ಮುಗಿದಿತ್ತು. ನನಗೆ ವಿಷಯ ಗೊತ್ತಿಲ್ಲ ಅಂತಲ್ಲ, ಓದುವ ರೀತಿಯಲ್ಲೇ ತೊಂದರೆ ಇತ್ತು. ಅದನ್ನೇ ಆ ಅಕಾಡೆಮಿಕ್ ಸಪೋರ್ಟ್‌ನವರು ಮೊದಲ ವರ್ಷದಲ್ಲಿ ಸರಿಮಾಡಲು ಕರೆದಿದ್ದರು. ನಾನು ನಾಚಿಕೆಯಿಂದ ಓಡಿ ಬಂದಿದ್ದೆ.

ವಾಪಸ್ ಹೋಗಿ ಅವರ ಬಾಗಿಲು ತಟ್ಟಿದೆ. ಏನೂ ಅನ್ನಲಿಲ್ಲ, ಕೂರಿಸಿಕೊಂಡು ನನ್ನ ಕೈಯಲ್ಲೇ ಹತ್ತು ಪ್ರಶ್ನೆ ಜೋರಾಗಿ ಓದಿಸಿದರು. ನಾನು ಪ್ರತಿ ಸಾಲನ್ನೂ ಎರಡು ಸಲ ಓದುತ್ತಿದ್ದೇನೆ ಅಂತ ತೋರಿಸಿದರು. ಅವತ್ತಿಂದ ಎರಡು ಅಭ್ಯಾಸ ಹಿಡಿದೆ. ಮೊದಲು ಕೊನೆಯ ಸಾಲು ಓದುವುದು, ಅಂದರೆ ಇವರು ಕೇಳುತ್ತಿರುವುದು ರೋಗದ ಹೆಸರಾ, ಮುಂದಿನ ಟೆಸ್ಟಾ, ಚಿಕಿತ್ಸೆಯಾ ಅಂತ ತಿಳಿದುಕೊಂಡು ಆಮೇಲೆ ಮೇಲಿಂದ ಓದುವುದು. ಇನ್ನೊಂದು, ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಯಾಕೆ ತಪ್ಪಾಯಿತು ಅಂತ ಒಂದು ಪುಸ್ತಕದಲ್ಲಿ ಬರೆಯುವುದು. 'ಗೊತ್ತಿರಲಿಲ್ಲ' ಇಲ್ಲವೇ 'ಓದುವಾಗ ತಪ್ಪಿತು'. ಎರಡು ವಾರ ಆದ ಮೇಲೆ ಎಣಿಸಿದೆ. ಅರ್ಧಕ್ಕಿಂತ ಜಾಸ್ತಿ 'ಓದುವಾಗ ತಪ್ಪಿತು' ಇತ್ತು. ಅಲ್ಲಿಯವರೆಗೆ ನಾನು ಇನ್ನಷ್ಟು ವಿಷಯ ಓದಬೇಕು ಅಂತ ಪುಸ್ತಕದ ಮೇಲೆ ಪುಸ್ತಕ ತಿರುವಿಹಾಕುತ್ತಿದ್ದೆ. ಆಮೇಲೆ ಏಳು ವಾರ ಬರೀ ಗಡಿಯಾರ ಇಟ್ಟುಕೊಂಡು 40 ಪ್ರಶ್ನೆಯ ಬ್ಲಾಕುಗಳು. ಸ್ಟೆಪ್ 2 ಅಂಕ 249 ಬಂತು. ಬಹಳ ದೊಡ್ಡ ಅಂಕ ಏನಲ್ಲ, ಆದರೆ ಇಂಟರ್ನಲ್ ಮೆಡಿಸಿನ್‌ಗೆ ಅದು ನನಗೆ ಸಾಕಾಯಿತು.

ಆ ವರ್ಷ ಇಂಟರ್ನಲ್ ಮೆಡಿಸಿನ್‌ನಲ್ಲಿ ಮೂರು ಗೋಲ್ಡ್, ಹನ್ನೆರಡು ಸಿಲ್ವರ್ ಸಿಗ್ನಲ್ ಕೊಟ್ಟಿದ್ದರು. ನಿಮ್ಮ ಪ್ರೋಗ್ರಾಂ ನನಗೆ ನಿಜವಾಗಲೂ ಬೇಕು ಅಂತ ಹೇಳುವ ವ್ಯವಸ್ಥೆ ಅದು. ಹೆಸರು ನೋಡಿ ಹಾಕದೆ, ನನ್ನ ಸ್ಕೂಲಿನವರು ಹಿಂದೆ ಹೋಗಿದ್ದ ಕಡೆಗೆ, ನನ್ನ ಅಂಕಕ್ಕೆ ಹೊಂದುವ ಕಡೆಗೆ ಹಾಕಿದೆ. 14 ಇಂಟರ್‌ವ್ಯೂ ಬಂದವು, ಎಲ್ಲವೂ ವಿಡಿಯೋ ಮೂಲಕ.

ಒಂದರಲ್ಲೂ ಎಂಕ್ಯಾಟ್ ಮಾತು ಬರಲಿಲ್ಲ. ಮತ್ತೆ ಮತ್ತೆ ಕೇಳಿದ್ದು ಒಂದು ಔಷಧಿ ಬಾಟಲಿಯ ಕಥೆ. ಮೂರನೇ ವರ್ಷ ಮೆಡಿಸಿನ್ ವಾರ್ಡಿನಲ್ಲಿದ್ದಾಗ ತಲೆಸುತ್ತು ಅಂತ ಒಬ್ಬರು ಅಜ್ಜ ಅಡ್ಮಿಟ್ ಆಗಿದ್ದರು. ನಾಡಿ 44. ಇಸಿಜಿ ಆಯಿತು, ರಕ್ತ ಪರೀಕ್ಷೆ ಆಯಿತು, ಕಾರಣ ಸಿಗಲಿಲ್ಲ. ಮಾತ್ರೆ ಏನೇನು ತಗೋತೀರಾ ಅಂದರೆ ಬಿಪಿ ಮಾತ್ರೆ ಅನ್ನುತ್ತಿದ್ದರು. ಸಂಜೆ ಮಗಳು ಬರುತ್ತಾರೆ ಅಂತ ಗೊತ್ತಿತ್ತು, ಮನೆಯಲ್ಲಿರುವ ಬಾಟಲಿಗಳನ್ನೆಲ್ಲ ತರಲು ಫೋನಿನಲ್ಲಿ ಹೇಳಿ ನಾನು ಕಾದು ಕೂತೆ. ಆ ಚೀಲದಲ್ಲಿ ಎರಡು ಬಾಟಲಿ ಇದ್ದವು. ಒಂದರ ಮೇಲೆ ಮೆಟೊಪ್ರೊಲಾಲ್ ಟಾರ್ಟ್ರೇಟ್, ಇನ್ನೊಂದರ ಮೇಲೆ ಮೆಟೊಪ್ರೊಲಾಲ್ ಸಕ್ಸಿನೇಟ್. ನಾಡಿಯನ್ನು ನಿಧಾನ ಮಾಡುವ ಒಂದೇ ಔಷಧಿ, ಎರಡು ರೂಪ. ಮಾತ್ರೆಗಳ ಆಕಾರ ಬೇರೆ, ಬರೆದ ಡಾಕ್ಟರ್ ಬೇರೆ, ಕೊಟ್ಟ ಫಾರ್ಮಸಿ ಬೇರೆ. ಪಾಪ, ಅಜ್ಜ ಎರಡನ್ನೂ ಶ್ರದ್ಧೆಯಿಂದ ನುಂಗುತ್ತಿದ್ದರು. ಅಟೆಂಡಿಂಗ್‌ಗೆ, ಅಂದರೆ ವಾರ್ಡಿನ ಹಿರಿಯ ಡಾಕ್ಟರಿಗೆ, ಆಗಲೇ ಫೋನ್ ಮಾಡಿದೆ. ಮಾತ್ರೆ ನಿಲ್ಲಿಸಿದ ಮೇಲೆ ಎರಡು ದಿನದಲ್ಲಿ ನಾಡಿ 60ರ ಮೇಲೆ ಬಂತು.

ಆ ಅಟೆಂಡಿಂಗ್ ಇದನ್ನು ನನ್ನ ಮೌಲ್ಯಮಾಪನದಲ್ಲಿ ನಾಲ್ಕು ಸಾಲು ಬರೆದಿದ್ದರು. ಅದು ಡೀನ್ಸ್ ಲೆಟರಿಗೆ ಹೋಯಿತು, ಅವರ ಶಿಫಾರಸು ಪತ್ರದಲ್ಲೂ ಬಂತು. ಐದು ಇಂಟರ್‌ವ್ಯೂಗಳಲ್ಲಿ ಅದನ್ನೇ ಹಿಡಿದು ಮಾತು ಶುರು ಮಾಡಿದರು. ಒಬ್ಬರಂತೂ ಆ ಸಾಲುಗಳನ್ನು ಪರದೆ ನೋಡಿ ಓದಿ, ಸಂಜೆಯವರೆಗೆ ಕಾಯಬೇಕು ಅಂತ ನಿನಗೆ ಯಾಕೆ ಅನ್ನಿಸಿತು ಅಂತ ಕೇಳಿದರು. ನನ್ನ ಅಜ್ಜಿಯ ಮಾತ್ರೆ ಡಬ್ಬ ನಾನೇ ಜೋಡಿಸಿಡುತ್ತಿದ್ದೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ರ‍್ಯಾಂಕ್ ಪಟ್ಟಿ, ಅಂದರೆ ಯಾವ ಪ್ರೋಗ್ರಾಂ ಮೊದಲು ಬೇಕು ಅನ್ನುವ ಪಟ್ಟಿ, ಮಾಡುವಾಗ ಜಾಸ್ತಿ ಲೆಕ್ಕ ಹಾಕಲಿಲ್ಲ. ಅರ್ಜಿದಾರರನ್ನೂ ಪ್ರೋಗ್ರಾಂಗಳನ್ನೂ ಹೊಂದಿಸುವ ಎನ್‌ಆರ್‌ಎಂಪಿ ಸಂಸ್ಥೆಯ ಲೆಕ್ಕಾಚಾರ ಅರ್ಜಿದಾರರ ಇಷ್ಟದ ಕಡೆಯಿಂದಲೇ ಶುರುವಾಗುತ್ತದೆ, ಅದಕ್ಕೇ ಮನಸ್ಸಿನಲ್ಲಿದ್ದ ಕ್ರಮದಲ್ಲೇ ಬರೆಯಬೇಕು. 2024ರ ಮಾರ್ಚ್ 15, ಶುಕ್ರವಾರ, ಎರಡನೇ ಆಯ್ಕೆ ಸಿಕ್ಕಿತು.

ಭಾರತದಲ್ಲಿ ಎಂಬಿಬಿಎಸ್ ಮುಗಿಸಿ ಇಲ್ಲಿಗೆ ಬರಬೇಕು ಅಂದುಕೊಂಡವರು ಇದೇ ಪ್ರಶ್ನೆಯನ್ನು ನೀಟ್ ರ‍್ಯಾಂಕ್ ಬಗ್ಗೆ ಕೇಳುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಇಬ್ಬರು ಅಲ್ಲಿಂದ ಬಂದವರು. ಅವರನ್ನೂ ಯಾರೂ ಕೇಳಿಲ್ಲ. ಅವರಿಗೆ ಬೇಕಾಗಿದ್ದು ಇಸಿಎಫ್‌ಎಂಜಿ ಸರ್ಟಿಫಿಕೇಟ್ (ಹೊರದೇಶದಲ್ಲಿ ಓದಿದ ಡಾಕ್ಟರುಗಳಿಗೆ ಬೇಕಾದ ಅರ್ಹತಾ ಪತ್ರ), ಒಳ್ಳೆಯ ಸ್ಟೆಪ್ 2, ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ನೋಡಿದವರ ಪತ್ರ, ಮತ್ತೆ ವೀಸಾ ಕೊಡುವ ಪ್ರೋಗ್ರಾಂ. ಅವರ ದಾರಿ ನನ್ನದಕ್ಕಿಂತ ತುಂಬಾ ಕಷ್ಟದ್ದು. ಅದರಲ್ಲಿ ನೀಟ್ ಚಿಂತೆಯನ್ನೂ ಹೊತ್ತುಕೊಳ್ಳುವುದು ಬೇಡ.

ಕಳೆದ ಚಳಿಗಾಲದಲ್ಲಿ ನಮ್ಮ ಪ್ರೋಗ್ರಾಂಗೆ ಅರ್ಜಿ ಹಾಕಿದವರ ಜೊತೆ ಮಾತಾಡಲು ನನ್ನನ್ನೂ ಕೂರಿಸಿದ್ದರು. ಫೈಲ್ ತೆರೆದರೆ ನಾನು ಮೊದಲು ಹೋಗುವುದು ವಾರ್ಡಿನಲ್ಲಿ ಇವರನ್ನು ನೋಡಿದವರು ಏನು ಬರೆದಿದ್ದಾರೆ ಅನ್ನುವಲ್ಲಿಗೆ. ಎಂಕ್ಯಾಟ್ ನೋಡಬೇಕು ಅಂದರೂ ಅಲ್ಲಿ ಇರಲಿಲ್ಲ.

ಪರಿಚಯದವರ ಮನೆಯ ಹುಡುಗಿ ಒಬ್ಬಳು ಈಗ ಮೂರನೇ ವರ್ಷದಲ್ಲಿದ್ದಾಳೆ. "ಅಕ್ಕಾ, ನನ್ನ ಎಂಕ್ಯಾಟ್ 503. ಅನೆಸ್ತೀಸಿಯಾ ಆಸೆ ಬಿಟ್ಬಿಡ್ಲಾ?" ಅಂತ ಮೆಸೇಜ್ ಮಾಡಿದ್ದಳು. ಯಾವ ಭಾಗದಲ್ಲಿ ಕಡಿಮೆ ಬಂದಿತ್ತು ಅಂತ ಕೇಳಿದೆ. ಕಾರ್ಸ್ ಅಂದಳು. ಈಗ ಪ್ರತಿ ಶನಿವಾರ ಬೆಳಿಗ್ಗೆ ಗಡಿಯಾರ ಇಟ್ಟುಕೊಂಡು ಒಂದು ಬ್ಲಾಕ್ ಮಾಡಿ, ಎಷ್ಟು ಪ್ರಶ್ನೆ ಓದದೆ ಉಳಿಯಿತು ಅಂತ ನನಗೆ ಕಳಿಸುತ್ತಾಳೆ. ಮೊದಲ ವಾರ ಏಳು ಉಳಿದಿದ್ದವು. ಮೊನ್ನೆ ಎರಡು.