ಎರಡು ಔಷಧಿ, ಒಂಬತ್ತು ಮನೆ: ಡೋಸ್ ಹುಡುಕುವ ಬಗೆ

ಶಿರಸಿಯ ಮನೆಯಲ್ಲಿ ಕೂತು ಕ್ಯಾನ್ಸರ್ ಔಷಧಿ ಪರೀಕ್ಷೆಗಳ ಲೆಕ್ಕ ಮಾಡುತ್ತೇನೆ. ಮಳೆಗಾಲದಲ್ಲಿ ಕರೆಂಟ್ ನಂಬುವ ಹಾಗಿಲ್ಲ. ಮೊದಲ ಕೆಲಸ ಕಾಗದದ ಮೇಲೇ.

ಎರಡು ಔಷಧಿ ಜೊತೆಯಾಗಿ ಕೊಡುವಾಗ ಯಾವ ಡೋಸ್ ಜೋಡಿ ಸರಿ ಎಂದು ಹುಡುಕಲು ಒಂಬತ್ತು ಮನೆಯ ಚೌಕ ಬರೆಯಿರಿ. ಅಡ್ಡಕ್ಕೆ ಒಂದು ಔಷಧಿಯ ಮೂರು ಡೋಸ್, ಉದ್ದಕ್ಕೆ ಇನ್ನೊಂದರದ್ದು. ಬಲಕ್ಕೆ ಹೋದರೂ ಮೇಲೆ ಹೋದರೂ ಅಡ್ಡಪರಿಣಾಮ ಜಾಸ್ತಿ ಎಂದುಕೊಳ್ಳುತ್ತೇವೆ. ತೊಡಕಿರುವುದು ಓರೆಯಲ್ಲಿ, ಅಂದರೆ ಒಂದರ ಡೋಸ್ ಏರಿ ಇನ್ನೊಂದರದ್ದು ಇಳಿದಾಗ. ಅಪ್ಪೆಹುಳಿಗೆ ಮೆಣಸು ಜಾಸ್ತಿ, ಉಪ್ಪು ಕಡಿಮೆ. ಇಲ್ಲವೇ ಉಪ್ಪು ಜಾಸ್ತಿ, ಮೆಣಸು ಕಡಿಮೆ. ಯಾವುದು ಹೆಚ್ಚು ಕೆಡುತ್ತದೆ? ಕುಡಿಯದೆ ಗೊತ್ತಾಗದು, ಅಲ್ವಾ?

ಹಾಗಾಗಿ ಒಂಬತ್ತು ಮನೆಗಳನ್ನು ಕಡಿಮೆ ಅಡ್ಡಪರಿಣಾಮದಿಂದ ಜಾಸ್ತಿಗೆ ಜೋಡಿಸುವ, ಸಾಧ್ಯವಿರುವ ಕೆಲವು ಕ್ರಮಗಳನ್ನು ಬರೆದು, ಪ್ರತಿಯೊಂದನ್ನು ಎಷ್ಟು ನಂಬುತ್ತೇವೆ ಎಂಬ ತೂಕವನ್ನು ಸಮನಾಗಿ ಕೊಡಿ. 30% ರೋಗಿಗಳಿಗೆ ತೀವ್ರ ಅಡ್ಡಪರಿಣಾಮ ಆಗುವ ಮನೆಯೇ ನಮ್ಮ ಗುರಿ ಎನ್ನೋಣ. ಮೂರು ಮೂರು ರೋಗಿಗಳ ಫಲಿತಾಂಶ ಬಂದಂತೆ ಬೇಸ್ ಸೂತ್ರದಿಂದ (ಹೊಸ ಮಾಹಿತಿ ಬಂದಾಗ ನಂಬಿಕೆ ತಿದ್ದುವ ಲೆಕ್ಕ) ತೂಕ ತಿದ್ದಿ. ಹೆಚ್ಚು ತೂಕದ ಕ್ರಮದಲ್ಲಿ ಅಡ್ಡಪರಿಣಾಮದ ಅಂದಾಜು 30%ಗೆ ಹತ್ತಿರವಿರುವ ಮನೆಯ ಡೋಸ್ ಮುಂದಿನ ರೋಗಿಗಳಿಗೆ. ಎರಡೂ ಔಷಧಿ ಒಟ್ಟಿಗೆ ಏರಿಸಬೇಡಿ.

ಪರೀಕ್ಷೆಗೆ ಮೊದಲು ಕಂಪ್ಯೂಟರಿನಲ್ಲಿ ಸಾವಿರ ಸುಳ್ಳು ಪರೀಕ್ಷೆ ಓಡಿಸಿ. ಒಮ್ಮೆ ನಾನು ಸುಮ್ನೆ ಸಲೀಸಾದ ಸನ್ನಿವೇಶಗಳನ್ನೇ ಓಡಿಸಿದ್ದೆ. ಒಂಬತ್ತೂ ಮನೆ ಅಪಾಯವಾದರೆ? ನನ್ನ ಕೋಡ್‌ನಲ್ಲಿ ನಿಲ್ಲಿಸುವ ನಿಯಮವೇ ಇರಲಿಲ್ಲ.