ಎಸ್‌ಕೆಎಸ್‌ಗೆ ಬೇರೆ ಮ್ಯಾಗಜೀನ್ ಹಾಕುವ ಮುಂಚೆ: ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ

ಮಡಿಕೇರಿ ಕಡೆಯ ನನ್ನ ಸ್ನೇಹಿತನೊಬ್ಬ ಸ್ಯಾಕ್ರಮೆಂಟೊ ಹತ್ತಿರ ಇದ್ದಾನೆ. ಹೋದ ವರ್ಷ ಒಂದು ಶನಿವಾರ ನೆವಾಡಾದ ರೀನೋದಿಂದ ಫೋಟೋ ಕಳಿಸಿದ. ಗಾಜಿನ ಕೌಂಟರ್ ಮೇಲೆ ಬಾಳೆಕಾಯಿ ಥರ ಬಾಗಿದ ಒಂದು ಕಬ್ಬಿಣದ ಡಬ್ಬಿ, ಅಂದರೆ ಗುಂಡು ತುಂಬಿ ಕೋವಿಗೆ ಸಿಕ್ಕಿಸುವ ಮ್ಯಾಗಜೀನ್. "ಅಣ್ಣಾ, ಇದು ನನ್ನ ರೈಫಲ್ ಎಸ್‌ಕೆಎಸ್‌ಗೆ ಕೂರುತ್ತಂತೆ, ಮೂವತ್ತು ಗುಂಡು ಹಿಡಿಯುತ್ತೆ. ತಗೊಳ್ಳಲಾ?" ನಾನು ಟೈಪ್ ಮಾಡುತ್ತಾ ಕೂರಲಿಲ್ಲ, ನೇರ ಫೋನ್ ಮಾಡಿದೆ. ಮೊದಲು ಅದನ್ನು ಕೆಳಗಿಡು ಅಂದೆ.

ಇದೇ ಪ್ರಶ್ನೆ ಇನ್ನೂ ಇಬ್ಬರು ಮೂವರು ಕೇಳಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಸ್ಕ್ರೂಡ್ರೈವರ್ ಹಿಡಿದು ಮಾಡುವ ಕೆಲಸದ ವಿಷಯ ಇಲ್ಲಿಲ್ಲ. ಆ ಕೆಲಸ ಮಾಡಿದ ಮೇಲೆ ಕಾನೂನಿನ ಕಣ್ಣಲ್ಲಿ ನಿಮ್ಮ ಕೋವಿ ಏನಾಗುತ್ತದೆ, ನಿಮ್ಮ ವೀಸಾ ಏನಾಗುತ್ತದೆ ಅನ್ನುವುದಷ್ಟೇ ವಿಷಯ.

ಕೊಡಗಿನವರಿಗೆ ಕೋವಿ ಮನೆಯ ವಸ್ತು. ಕೈಲ್‌ಪೊಳ್ದ್ ದಿನ ಅದಕ್ಕೆ ಪೂಜೆ ಮಾಡಿ ಹೂ ಇಡುತ್ತಾರೆ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿಯೂ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಹಾಗೆ ಬೆಳೆದವರು ಅಮೆರಿಕಕ್ಕೆ ಬಂದರೆ ಇಲ್ಲಿ ಇನ್ನೂ ಸಲೀಸು ಅಂದುಕೊಳ್ಳುತ್ತಾರೆ. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿರುವ ರೈಫಲ್‌ಗಳನ್ನು ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ ಅಲ್ವಾ.

ಮೊದಲು ವೀಸಾ ವಿಷಯ ಮುಗಿಸೋಣ, ಯಾಕೆಂದರೆ ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಎಚ್‌-1ಬಿ, ಎಚ್‌-4, ಎಫ್‌-1 ಇವೆಲ್ಲ ನಾನ್‌ ಇಮಿಗ್ರಂಟ್ ವೀಸಾಗಳು, ಅಂದರೆ ತಾತ್ಕಾಲಿಕವಾಗಿ ಇರಲು ಕೊಡುವಂಥವು. ಇವುಗಳ ಮೇಲೆ ಬಂದವರು ಕೋವಿಯನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಅನ್ನುವುದು ಫೆಡರಲ್ ಕಾನೂನು. ಕೊಂಡರೆ ಮಾತ್ರ ತಪ್ಪು ಅಂತಲ್ಲ. ಆಫೀಸಿನವರು ಸುಮ್ನೆ ಮಜಾಕ್ಕೆ ಅಂತ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗಿ ಬಾಡಿಗೆ ಕೋವಿ ಕೈಗೆ ಕೊಟ್ಟರೂ ಅದು ಲೆಕ್ಕಕ್ಕೆ ಬರುತ್ತದೆ. 2022ರಿಂದ ಈ ತಪ್ಪಿಗೆ ಗರಿಷ್ಠ ಶಿಕ್ಷೆ 15 ವರ್ಷ. ಇದಕ್ಕೆ ಕೆಲವು ವಿನಾಯಿತಿಗಳಿವೆ. ನಮ್ಮಂಥವರಿಗೆ ಉಪಯೋಗಕ್ಕೆ ಬರುವುದು ಒಂದೇ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಹತ್ತಿರ ಇರಬೇಕು.

ಅವಧಿ ಮುಗಿಯದ ಅನ್ನುವ ಮಾತನ್ನು ಇನ್ನೊಂದು ಸಲ ಓದಿ. ಕ್ಯಾಲಿಫೋರ್ನಿಯಾದ ಬೇಟೆ ಲೈಸೆನ್ಸ್ ವರ್ಷ ಜುಲೈ 1ರಿಂದ ಜೂನ್ 30. ನೀವು ಮಾರ್ಚ್‌ನಲ್ಲಿ ತೆಗೆದುಕೊಂಡರೂ ಜೂನ್ 30ಕ್ಕೆ ಮುಗಿಯಿತು. ಹೊಸದು ಮಾಡಿಸದೆ ಜುಲೈ 1ರ ಬೆಳಗ್ಗೆ ಎದ್ದರೆ, ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿರುವ ಅದೇ ರೈಫಲ್ ಈಗ ಅಪರಾಧ. ಎಚ್‌-1ಬಿ ಮೇಲಿದ್ದು ಕೋವಿ ಇಟ್ಟುಕೊಂಡವರು ಫೋನ್‌ನಲ್ಲಿ ಜೂನ್ ಮೊದಲ ವಾರಕ್ಕೆ ಅಲಾರಂ ಇಟ್ಟುಕೊಳ್ಳಿ.

ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಂದರೆ ಇಲ್ಲ, ಕೋವಿ ಕೊಳ್ಳಬಹುದು. ಆದರೆ ಕೋವಿ ಸಂಬಂಧದ ಅಪರಾಧದಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಲು ಇಮಿಗ್ರೇಷನ್ ಕಾನೂನಿನಲ್ಲಿ ಅವಕಾಶ ಇದೆ. ಪಕ್ಕದ ಮನೆಯ ಅಮೆರಿಕನ್ ದಂಡ ಕಟ್ಟಿಯೋ ಜೈಲಿನಲ್ಲಿದ್ದೋ ಮನೆಗೆ ಬರುತ್ತಾನೆ. ನಾವು ಅದಾದ ಮೇಲೆ ಬೆಂಗಳೂರಿನ ವಿಮಾನ ಹತ್ತಬೇಕಾಗಬಹುದು.

ಈಗ ಆ ಎಸ್‌ಕೆಎಸ್. ಸೋವಿಯತ್ ಕಾಲದ ಸೆಮಿ ಆಟೊಮ್ಯಾಟಿಕ್ ರೈಫಲ್ ಇದು, ಟ್ರಿಗರ್ ಒಂದು ಸಲ ಎಳೆದರೆ ಒಂದು ಗುಂಡು, ಮುಂದಿನದು ತಾನೇ ಮೇಲೆ ಬಂದು ಕೂರುತ್ತದೆ. ಹತ್ತು ಗುಂಡಿನ ಮ್ಯಾಗಜೀನ್ ಕೋವಿಗೇ ಕೂಡಿಕೊಂಡಿರುತ್ತದೆ, ಗುಂಡುಗಳನ್ನು ಮೇಲಿನಿಂದ ತುಂಬಬೇಕು. ಹಾಗೇ ಇದ್ದರೆ ಕ್ಯಾಲಿಫೋರ್ನಿಯಾದಲ್ಲಿ ತಕರಾರಿಲ್ಲ. ಆದರೆ 1989ರಲ್ಲಿ, ಸ್ಟಾಕ್ಟನ್ ಶಾಲೆಯ ಗುಂಡಿನ ದಾಳಿ ಆದ ಮೇಲೆ ಇಲ್ಲಿ ಬಂದ ಕಾನೂನು ಅಸಾಲ್ಟ್ ವೆಪನ್ (ರಾಜ್ಯ ನಿಷೇಧಿಸಿದ ದಾಳಿ ಆಯುಧ) ಅಂತ ಹೆಸರು ಹಿಡಿದು ಪಟ್ಟಿ ಮಾಡಿದ ಕೋವಿಗಳಲ್ಲಿ "ಕಳಚಬಹುದಾದ ಮ್ಯಾಗಜೀನ್ ಇರುವ ಎಸ್‌ಕೆಎಸ್" ಕೂಡ ಒಂದು. ಅಂದರೆ ಆ ಒಂದು ಡಬ್ಬಿ ಬದಲಾದರೆ ಸಾಕು, ಕೋವಿ ಅಸಾಲ್ಟ್ ವೆಪನ್ ಪಟ್ಟಿಗೆ ಬಿತ್ತು. ಬದಲಾಯಿಸಿದವರು ಅದನ್ನು "ತಯಾರಿಸಿದವರು" ಆಗುತ್ತಾರೆ. ತಯಾರಿಕೆಗೆ ಇಲ್ಲಿ 4, 6 ಅಥವಾ 8 ವರ್ಷ ಜೈಲು.

ಇದರಲ್ಲಿ ಸರ್ಕಾರಕ್ಕೇ ಗೊಂದಲ ಆಗಿದ್ದ ಕಾಲ ಒಂದಿತ್ತು. ಎಸ್‌ಕೆಎಸ್ ಸ್ಪೋರ್ಟರ್ ಅನ್ನುವ ಮಾದರಿ ಸರಿ ಅಂತ ತಿಳಿದು ಜನ ಕೊಂಡರು, ಆಮೇಲೆ ಅದೂ ಸರಿಯಲ್ಲ ಅಂತಾಯಿತು, ಕೊನೆಗೆ ರಾಜ್ಯವೇ ಒಂದೊಂದಕ್ಕೆ 230 ಡಾಲರ್ ಕೊಟ್ಟು ವಾಪಸ್ ತೆಗೆದುಕೊಂಡಿತು. ಅಂಥ ಕಾನೂನಿನ ಮುಂದೆ "ಅಂಗಡಿಯವನು ಪರವಾಗಿಲ್ಲ ಅಂದ" ಅನ್ನುವ ಮಾತು ನಿಲ್ಲುವುದಿಲ್ಲ.

ಬೇರೆ ಸೆಮಿ ಆಟೊಮ್ಯಾಟಿಕ್ ಬೇಟೆ ರೈಫಲ್‌ಗಳಿಗೆ ಲೆಕ್ಕ ಬೇರೆ. ಕಳಚುವ ಮ್ಯಾಗಜೀನ್ ಇದ್ದ ಮಾತ್ರಕ್ಕೆ ತಪ್ಪಿಲ್ಲ. ರೆಮಿಂಗ್ಟನ್ 7400 ಥರದವು ಹುಟ್ಟುವಾಗಲೇ ಹಾಗೆ, ನಾಲ್ಕು ಗುಂಡಿನ ಸಣ್ಣ ಮ್ಯಾಗಜೀನ್. ಸೆಂಟರ್‌ಫೈರ್ ರೈಫಲ್‌ನಲ್ಲಿ ಕಳಚುವ ಮ್ಯಾಗಜೀನ್ ಜೊತೆಗೆ ಪಿಸ್ತೂಲ್ ಹಿಡಿ, ಹೆಬ್ಬೆರಳು ತೂರಿಸುವ ಹಿಂಬದಿ, ಮಡಚುವ ಹಿಂಬದಿ, ಮುಂದೆ ಇನ್ನೊಂದು ಹಿಡಿ, ಬೆಂಕಿ ಮರೆಮಾಡುವ ಫ್ಲ್ಯಾಶ್ ಸಪ್ರೆಸರ್ ಇಂಥವುಗಳಲ್ಲಿ ಒಂದೇ ಒಂದು ಸೇರಿದರೂ ಅದು ಅಸಾಲ್ಟ್ ವೆಪನ್. ಹಿಂದೆ ಗುಂಡಿನ ತುದಿಯಿಂದ ಒತ್ತಿ ಮ್ಯಾಗಜೀನ್ ತೆಗೆಯುವ ಬುಲೆಟ್ ಬಟನ್ ಅಂತ ಒಂದಿತ್ತು, ಅದಿದ್ದರೆ ಕಳಚುವುದಲ್ಲ ಅಂತ ವಾದ ಮಾಡುತ್ತಿದ್ದರು. 2016ರ ತಿದ್ದುಪಡಿ ಆ ಬಾಗಿಲು ಮುಚ್ಚಿತು. ಈಗ ಕೋವಿಯ ಆ್ಯಕ್ಷನ್ (ಗುಂಡು ತುಂಬಿ ಹಾರಿಸುವ ಯಂತ್ರಭಾಗ) ಬಿಚ್ಚದೆ ಮ್ಯಾಗಜೀನ್ ಹೊರಗೆ ಬರಬಾರದು, ಆಗ ಮಾತ್ರ ಅದು ಫಿಕ್ಸೆಡ್, ಅಂದರೆ ಕಳಚದ ಮ್ಯಾಗಜೀನ್.

ಇನ್ನು ಆ ಮೂವತ್ತು ಗುಂಡಿನ ಡಬ್ಬಿ. ಹತ್ತಕ್ಕಿಂತ ಜಾಸ್ತಿ ಹಿಡಿಯುವ ಮ್ಯಾಗಜೀನನ್ನು ರಾಜ್ಯದೊಳಗೆ ತರುವುದೇ ಕ್ಯಾಲಿಫೋರ್ನಿಯಾದಲ್ಲಿ ತಪ್ಪು, ಕೋವಿಗೆ ಹಾಕುವುದು ಆಮೇಲಿನ ಮಾತು. ರೀನೋದಲ್ಲಿ ಮಾರುವುದು ಸರಿ, ರಾಜ್ಯದ ಗಡಿ ದಾಟಿ ಕಾರಿನ ಡಿಕ್ಕಿಯಲ್ಲಿ ತರುವುದು ತಪ್ಪು. ಇದರ ಮೇಲೆ ಕೋರ್ಟಿನಲ್ಲಿ ವರ್ಷಗಟ್ಟಲೆ ಜಗಳ ನಡೆದಿದೆ, 2025ರ ಮಾರ್ಚ್‌ನಲ್ಲಿ ಫೆಡರಲ್ ಮೇಲ್ಮನವಿ ಕೋರ್ಟಾದ ನೈಂತ್ ಸರ್ಕ್ಯೂಟ್ ನಿಷೇಧವನ್ನು ಎತ್ತಿಹಿಡಿಯಿತು.

ಹಾಗಾದರೆ ಟೆಕ್ಸಾಸ್‌ನಲ್ಲಿ, ನೆವಾಡಾದಲ್ಲಿ ಇರುವವರು ನಿಶ್ಚಿಂತೆಯಾಗಿ ಇರಬಹುದಾ? ಪೂರ್ತಿ ಅಲ್ಲ. ಹೊರದೇಶದಿಂದ ಬಂದ ಕೋವಿಯ ಭಾಗಗಳನ್ನು ಬಳಸಿ, ಆಮದಿಗೆ ಅವಕಾಶವೇ ಇಲ್ಲದಂಥ ರೈಫಲ್ ಜೋಡಿಸಬಾರದು ಅನ್ನುವ ಫೆಡರಲ್ ನಿಯಮ ಇದೆ, ಜನ ಇದನ್ನು 922ಆರ್ ಅನ್ನುತ್ತಾರೆ. ಇಪ್ಪತ್ತು ಭಾಗಗಳ ಪಟ್ಟಿ ಇದೆ, ಅದರಲ್ಲಿ ಹತ್ತಕ್ಕಿಂತ ಜಾಸ್ತಿ ವಿದೇಶದವು ಇರಬಾರದು. ಮ್ಯಾಗಜೀನ್‌ನ ಡಬ್ಬಿ, ಒಳಗೆ ಗುಂಡನ್ನು ಮೇಲೆ ತಳ್ಳುವ ಫಾಲೋವರ್, ತಳದ ತಗಡು ಮೂರೂ ಬೇರೆ ಬೇರೆ ಎಣಿಕೆ. ಚೀನಾದ ಎಸ್‌ಕೆಎಸ್‌ಗೆ ಚೀನಾದ್ದೇ ಮ್ಯಾಗಜೀನ್ ಹಾಕಲು ಹೊರಟವರಿಗೆ ಇದು ತಲೆನೋವು. ನೀವಾಗಿ ಎಣಿಸಬೇಡಿ, ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರವೋ ಕೋವಿ ಕಾನೂನು ಗೊತ್ತಿರುವ ವಕೀಲರ ಹತ್ತಿರವೋ ಕೇಳಿ.

ಅಷ್ಟಕ್ಕೂ ಬೇಟೆಗೆ ಮೂವತ್ತು ಗುಂಡು ಯಾಕೆ ಬೇಕು ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕೊಲರಾಡೊದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಸೆಮಿ ಆಟೊಮ್ಯಾಟಿಕ್ ಒಯ್ದರೆ ಮ್ಯಾಗಜೀನ್, ಚೇಂಬರ್ (ಹಾರಲು ತಯಾರಾದ ಗುಂಡು ಕೂರುವ ಜಾಗ) ಎರಡೂ ಸೇರಿ ಆರು ಗುಂಡು ಮೀರಬಾರದು. ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಗೆ ಸೆಮಿ ಆಟೊಮ್ಯಾಟಿಕ್ ರೈಫಲ್ ಒಯ್ಯುವಂತೆಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಾಡುಹಂದಿಯನ್ನು ವರ್ಷವಿಡೀ ಹೊಡೆಯಬಹುದು, ಆದರೆ 2019ರ ಜುಲೈನಿಂದ ಸೀಸದ ಗುಂಡು ಬಳಸುವಂತಿಲ್ಲ. ತಾಮ್ರದ್ದು ದುಬಾರಿ, ಮೂವತ್ತು ತುಂಬಿಸುವಾಗ ಜೇಬೂ ನೋಡಿಕೊಳ್ಳಬೇಕು.

ಇನ್ನೊಂದು, ಕೆಲಸ ಬದಲಾಯಿಸಿ ಆಸ್ಟಿನ್‌ನಿಂದ ಬೇ ಏರಿಯಾಕ್ಕೆ ಬರುವವರಿಗೆ. ಅಲ್ಲಿ ಸರಿಯಿದ್ದ ಕೋವಿ ಇಲ್ಲಿ ಸರಿ ಇರಬೇಕಂತಿಲ್ಲ. ಸಾಮಾನು ಲಾರಿಗೆ ಹಾಕುವ ಮುಂಚೆಯೇ ಪಟ್ಟಿ ನೋಡಿ, ದೊಡ್ಡ ಮ್ಯಾಗಜೀನ್‌ಗಳನ್ನು ಅಲ್ಲೇ ಮಾರಿ ಬನ್ನಿ, ಕಾನೂನಿಗೆ ಒಪ್ಪುವ ಕೋವಿ ಇದ್ದರೆ ಬಂದ 60 ದಿನದೊಳಗೆ ರಾಜ್ಯದ ನ್ಯಾಯ ಇಲಾಖೆಗೆ ವಿವರ ಕೊಡಿ. ಸಿಯಾಟಲ್ ಕಡೆ ಹೋಗುವವರೂ ಅಷ್ಟೇ, ವಾಷಿಂಗ್ಟನ್ ರಾಜ್ಯದಲ್ಲಿ ಹತ್ತಕ್ಕಿಂತ ದೊಡ್ಡ ಮ್ಯಾಗಜೀನ್ ಮಾರಾಟ 2022ರ ಜುಲೈನಿಂದ ನಿಂತಿದೆ.

ರೀನೋಕ್ಕೆ ಹೋದ ನಮ್ಮ ಹುಡುಗ ಆ ಡಬ್ಬಿಯನ್ನು ಕೌಂಟರ್ ಮೇಲೇ ಬಿಟ್ಟು ಬಂದ. ಮುಂದೆ ಎರಡು ತಿಂಗಳಿಗೆ ಹಂದಿ ಹೊಡೆದ ಅಂತ ಫೋನ್ ಬಂತು. ಎಷ್ಟು ಗುಂಡು ಹೋಯ್ತು ಅಂತ ಕೇಳಿದೆ. "ಎರಡು ಅಣ್ಣಾ, ಒಂದು ಮರಕ್ಕೆ."