ಯೂಟಾದ ಬಂಡೆಚಿತ್ರ ನೋಡಲು ಹೊರಟಿದ್ದೀರಾ? ಮೊದಲು ನೆಲ ಯಾರದ್ದು ಅಂತ ತಿಳ್ಕೊಳ್ಳಿ

ಅಮೆರಿಕದ ಯೂಟಾ, ಅರಿಝೋನಾ ಕಡೆ ಹೊರಟ ನಮ್ಮವರು ಮ್ಯಾಪ್ ನೋಡ್ತಾರೆ, ಹವಾಮಾನ ನೋಡ್ತಾರೆ. ನೆಲ ಯಾರ ಕೈಯಲ್ಲಿದೆ ಅಂತ ನೋಡುವವರು ಕಡಿಮೆ. ಇಲ್ಲಿನ ನಿಯಮವೆಲ್ಲ ನಿಂತಿರುವುದೇ ಅದರ ಮೇಲೆ.

ಹಾರ್ಸ್‌ಶೂ ಕ್ಯಾನ್ಯನ್ ತಗೊಳ್ಳಿ, ಯೂಟಾದಲ್ಲಿ ಹಳೆಯ ಬಂಡೆಚಿತ್ರಗಳಿರುವ ಕಣಿವೆ ಇದು. 1971ರಲ್ಲಿ ಕ್ಯಾನ್ಯನ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕಿಗೆ ಸೇರಿತು. ಆದರೆ ಉಳಿದ ಪಾರ್ಕಿನಿಂದ ಬೇರೆಯಾಗಿ ದೂರದಲ್ಲಿದೆ. ಕಣಿವೆಯೊಳಗೆ ರಾತ್ರಿ ತಂಗುವಂತಿಲ್ಲ, ನಾಯಿಯನ್ನೂ ಕರೆದೊಯ್ಯುವಂತಿಲ್ಲ. ಮೇಲೆ ಗಾಡಿ ನಿಲ್ಲಿಸುವ ಜಾಗ ಕೇಂದ್ರ ಸರ್ಕಾರದ ಭೂಮಿ ನೋಡಿಕೊಳ್ಳುವ ಬಿಎಲ್‌ಎಂ ಇಲಾಖೆಯದ್ದು, ಅಲ್ಲಿ ಟೆಂಟ್ ಹಾಕಬಹುದು. ಹೆದ್ದಾರಿ 24 ಬಿಟ್ಟರೆ ಸುಮಾರು 30 ಮೈಲಿ ಮಣ್ಣುರಸ್ತೆ. ಕುಡಿಯುವ ನೀರು ಸಿಗುವುದಿಲ್ಲ. ಹೋಗಿ ಬರಲು 7 ಮೈಲಿ ನಡಿಗೆ. ವಾಪಸ್ ಬರುವಾಗ 750 ಅಡಿ ಏರು, ಅದೂ ಕಾಲು ಹೂತುಹೋಗುವ ಮರಳು. ಬೇಸಿಗೆಯಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಡಿ. ಅವರಿಗೆ ಹೆದ್ದಾರಿ 211ರ ಪಕ್ಕದ ನ್ಯೂಸ್‌ಪೇಪರ್ ರಾಕ್ ತೋರಿಸಿ. ಕಾರಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಒಂದೇ ಬಂಡೆಯ ಮೇಲೆ ನೂರಾರು ಕೆತ್ತನೆಗಳು. ಬಳ್ಳಾರಿ ಹತ್ತಿರ ಕಪ್ಪಗಲ್ಲಿನಲ್ಲಿ ಬಂಡೆಗೆ ಕುಟ್ಟಿ ಬಿಡಿಸಿದ ಎತ್ತುಗಳನ್ನು ಕಂಡವರಿಗೆ ಈ ಕೈಚಳಕ ಹೊಸದೇನಲ್ಲ.

ಹಾರ್ಸ್‌ಶೂ ಕಣಿವೆಯ ಗ್ರೇಟ್ ಗ್ಯಾಲರಿಯದ್ದು ಮಾತ್ರ ಬಣ್ಣದ ಚಿತ್ರ. ಸುಮಾರು 200 ಅಡಿ ಉದ್ದದ ಗೋಡೆ. ಅಗಲ ಭುಜದ, ಕೈಕಾಲಿಲ್ಲದ, ಕೆಳಗೆ ಸಣ್ಣಗಾಗುತ್ತಾ ಹೋಗುವ ಕೆಂಪು ಆಕೃತಿಗಳು, ಕೆಲವು ಆಳೆತ್ತರ. ಅವುಗಳ ನಡುವೆ ಬೆರಳಷ್ಟು ಕುರಿಗಳು, ಬೇಟೆಗಾರರು. ಬೈನಾಕ್ಯುಲರ್ ಇಲ್ಲದಿದ್ದರೆ ಇವು ಕಣ್ಣಿಗೆ ಬೀಳುವುದೇ ಇಲ್ಲ, ತಪ್ಪದೆ ಒಯ್ಯಿರಿ. ಇದು ನಾಲ್ಕು ಸಾವಿರ ವರ್ಷದ್ದು ಅಂತ ಹೇಳುವವರಿದ್ದರು. ಅಲ್ಲಿ ಕುಸಿದ ಬಂಡೆಯ ಕಾಲವನ್ನು ಅಳೆದ 2014ರ ಸಂಶೋಧನೆ ಪ್ರಕಾರ ಕ್ರಿ.ಶ. 1ರಿಂದ 1100ರ ನಡುವಿನದು.

ಇಲ್ಲಿನ ಮೂಲನಿವಾಸಿ ಬುಡಕಟ್ಟಾದ ನವಾಹೋ ಜನರ ನೆಲದಲ್ಲಿ ಲೆಕ್ಕವೇ ಬೇರೆ. ಮಾನ್ಯುಮೆಂಟ್ ವ್ಯಾಲಿಯಲ್ಲಿ ನಿಮ್ಮ ನ್ಯಾಷನಲ್ ಪಾರ್ಕ್ ಪಾಸ್ ನಡೆಯುವುದಿಲ್ಲ. ಅರಿಝೋನಾದ ಕ್ಯಾನ್ಯನ್ ಡಿ ಶೇ ನ್ಯಾಷನಲ್ ಮಾನ್ಯುಮೆಂಟ್ (ಕೇಂದ್ರ ಸರ್ಕಾರ ಕಾಪಾಡುವ ತಾಣ) ಹೌದು, ಆದರೆ ನೆಲ ನವಾಹೋ ಜನರದ್ದು. ಒಳಗಿನ ಚಿತ್ರ ನೋಡಬೇಕಾದರೆ ಅನುಮತಿ ಪಡೆದ ನವಾಹೋ ಗೈಡ್ ಜೊತೆಗಿರಲೇಬೇಕು. ಇದನ್ನು ಬರೀ ಖರ್ಚು ಅಂದ್ಕೊಳ್ಳಬೇಡಿ. ಕಣಿವೆಯ ಕೆಳಗೆ ಇಂದಿಗೂ ಕೆಲವು ನವಾಹೋ ಮನೆತನಗಳು ಹೊಲ ಮಾಡಿಕೊಂಡಿವೆ. ಅವರ ಅಂಗಳಕ್ಕೆ ಹೇಳದೆ ಕೇಳದೆ ನುಗ್ಗಿದರೆ ಸರೀನಾ?

ಇನ್ನು ಕಾನೂನು. 1979ರ ಪುರಾತತ್ವ ಸಂಪನ್ಮೂಲ ರಕ್ಷಣಾ ಕಾಯ್ದೆ ಕೇಂದ್ರ ಸರ್ಕಾರದ ಮತ್ತು ಬುಡಕಟ್ಟುಗಳ ನೆಲ ಎರಡಕ್ಕೂ ಅನ್ವಯಿಸುತ್ತದೆ. ಬಂಡೆ ಮೇಲೆ ಹೆಸರು ಗೀಚಿದರೆ ದಂಡ, ಜೈಲು ಎರಡೂ ಆಗಬಹುದು. ವೀಸಾದ ಮೇಲೆ ಇರುವವರಿಗೆ ಕ್ರಿಮಿನಲ್ ಕೇಸ್ ಮೈಮೇಲೆ ಬಂದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಚಿತ್ರವನ್ನು ಸುಮ್ನೆ ಮುಟ್ಟುವುದೂ ಬೇಡ, ಕೈಯ ಜಿಡ್ಡು ಬಣ್ಣವನ್ನು ಕೆಡಿಸುತ್ತದೆ. ಫೋಟೊ ಚೆನ್ನಾಗಿ ಬರಲಿ ಅಂತ ನೀರು ಚಿಮುಕಿಸಬೇಡಿ. ನ್ಯಾಷನಲ್ ಪಾರ್ಕಿನೊಳಗೆ ಡ್ರೋನ್ ಹಾರಿಸುವಂತಿಲ್ಲ.

ಹೊಸ ಗೀಚು ಕಂಡರೆ ಒರೆಸಲು ಹೋಗಬೇಡಿ. ಫೋಟೊ ತೆಗೆದು, ಜಾಗ ಗುರುತು ಹಾಕಿಕೊಂಡು ರೇಂಜರ್‌ಗೆ ತಿಳಿಸಿ.